ತರಬೇತಿಗೆಂದು ಕೆಲವು ವಾರ ಊರಿಗೆ: ಹೆತ್ತವರ ಮನೆಯೋ, ಹತ್ತಿರದ ರೂಮೋ?

ಹೊರದೇಶದಲ್ಲಿ ವರ್ಷಗಟ್ಟಲೆ ಇದ್ದವರಿಗೆ ಒಂದು ದಿನ ಆಫೀಸಿನಿಂದ ಮೇಲ್ ಬರುತ್ತದೆ. ಆರು ವಾರದ ಟ್ರೈನಿಂಗ್, ಅದೂ ನಮ್ಮ ದೇಶದಲ್ಲೇ. ಓದಿದ ಕೂಡಲೇ ಕೈ ಫೋನಿನ ಕಡೆ ಹೋಗುತ್ತದೆ. ನಾನಂತೂ ಮೇಲ್‌ಗೆ ಉತ್ತರ ಬರೆಯುವ ಮೊದಲೇ ಅಮ್ಮನಿಗೆ ಫೋನ್ ಮಾಡಿದ್ದೆ. ಸಂಜೆಯೊಳಗೆ ನನ್ನ ಹಳೆಯ ಕೋಣೆಯ ಸಾಮಾನು ಖಾಲಿ ಮಾಡಿ ಹಾಸಿಗೆ ಬಿಸಿಲಿಗೆ ಹಾಕಿ ಆಗಿತ್ತು. ನಾಲ್ಕು ಜನ ನೆಂಟರಿಗೆ ಸುದ್ದಿ ಮುಟ್ಟಿತ್ತು. ಎಲ್ಲಿ ಉಳಿದುಕೊಳ್ಳಬೇಕು ಅಂತ ನಾನು ಯೋಚಿಸುವ ಮೊದಲೇ ಅದು ತೀರ್ಮಾನವಾಗಿ ಹೋಗಿತ್ತು.

ಆಮೇಲೆ ಇನ್ನೆರಡು ಸಲ ಇಂಥದೇ ಟ್ರೈನಿಂಗ್‌ಗೆ ಹೋಗಿ ಬಂದೆ. ಮೊದಲನೇ ಸಲ ಪೂರ್ತಿ ಮನೆಯಲ್ಲಿದ್ದೆ. ಎರಡನೇ ಸಲ ಪೂರ್ತಿ ಬೇರೆ ರೂಮಿನಲ್ಲಿದ್ದೆ. ಮೂರನೇ ಸಲ ಎರಡನ್ನೂ ಹಂಚಿಕೊಂಡೆ. ಮೂರರಿಂದಲೂ ನನಗೆ ಗೊತ್ತಾಗಿದ್ದು ಇಷ್ಟು: ಟ್ರೈನಿಂಗ್‌ಗೆ ಹೋಗುವುದು ಒಂದು ಪ್ರಯಾಣ, ಮನೆಗೆ ಹೋಗುವುದು ಇನ್ನೊಂದು ಪ್ರಯಾಣ. ಟಿಕೆಟ್ ಒಂದೇ ಇರಲಿ, ದಿನಗಳನ್ನು ಮಾತ್ರ ಬೇರೆ ಬೇರೆ ಇಡಬೇಕು. ಎರಡನ್ನೂ ಒಂದೇ ದಿನದೊಳಗೆ ತುರುಕಲು ಹೋದರೆ ಪಾಠವೂ ಅರ್ಧ, ಮನೆಯೂ ಅರ್ಧ.

ಮೊದಲು ಟೈಮ್‌ಟೇಬಲ್ ಕೇಳಿ

ಮನೆಗೆ ಫೋನ್ ಮಾಡುವ ಮೊದಲು ಆಫೀಸಿಗೆ ಒಂದು ಮೇಲ್ ಹಾಕಿ. ದಿನಕ್ಕೆ ಎಷ್ಟು ಗಂಟೆ ಕ್ಲಾಸ್, ಸಂಜೆ ಓದಿಕೊಂಡು ಬರುವುದು ಇದೆಯಾ, ಕೊನೆಗೆ ಪರೀಕ್ಷೆ ಇದೆಯಾ, ಶನಿವಾರ ರಜೆಯಾ? ಇವಿಷ್ಟು ಗೊತ್ತಾಗದೆ ಯಾವ ಆಯ್ಕೆಯನ್ನೂ ತೂಗಿ ನೋಡಲು ಆಗುವುದಿಲ್ಲ.

ಇನ್ನೊಂದು ಪ್ರಶ್ನೆ ಇದೆ, ಅದನ್ನು ಎಲ್ಲರೂ ಮರೆಯುತ್ತಾರೆ. ಟ್ರೈನಿಂಗ್ ನಡೆಯುವಾಗ ಹೊರದೇಶದ ನಿಮ್ಮ ಟೀಮಿನ ಕೆಲಸ ಯಾರು ನೋಡಿಕೊಳ್ಳುತ್ತಾರೆ? ಸಾಮಾನ್ಯವಾಗಿ ಬರುವ ಉತ್ತರ: 'ನೀವೇ, ಸ್ವಲ್ಪ ಸ್ವಲ್ಪ.' ಈ 'ಸ್ವಲ್ಪ' ಅನ್ನುವುದು ರಾತ್ರಿ ಮೀಟಿಂಗ್ ಆಗಿ ಬರುತ್ತದೆ. ಹಗಲು ಕ್ಲಾಸ್, ರಾತ್ರಿ ಕಾಲ್. ಎರಡು ದೇಶಗಳ ನಡುವೆ ಏಳೆಂಟು ಗಂಟೆಯ ವ್ಯತ್ಯಾಸ ಇದ್ದರೆ ದಿನಕ್ಕೆ ಎರಡು ಪಾಳಿ ಮಾಡಿದ ಹಾಗೆ. ಅದಕ್ಕೇ 'ಟ್ರೈನಿಂಗ್ ದಿನಗಳಲ್ಲಿ ಸಂಜೆ ಇಷ್ಟು ಗಂಟೆಯ ಮೇಲೆ ನಾನು ಸಿಗುವುದಿಲ್ಲ' ಅಂತ ಹೊರಡುವ ಮೊದಲೇ ಬರೆದು ಒಪ್ಪಿಸಿಕೊಳ್ಳಿ. ಹೋದ ಮೇಲೆ ಹೇಳಿದರೆ ನೆಪ ಹೇಳಿದ ಹಾಗೆ ಕೇಳಿಸುತ್ತದೆ.

ಹೆತ್ತವರ ಮನೆಯಲ್ಲಿ ಉಳಿದರೆ

ಇದರಲ್ಲಿ ಸಿಗುವ ಸುಖವನ್ನು ಬೇರೆ ಯಾವ ಏರ್ಪಾಟೂ ಕೊಡುವುದಿಲ್ಲ. ಅಪ್ಪ ಅಮ್ಮನ ಆರೋಗ್ಯ ಹೇಗಿದೆ ಅಂತ ಫೋನಿನಲ್ಲಿ ಕೇಳಿ ತಿಳಿಯುವುದು ಬೇರೆ, ಅವರು ಮೆಟ್ಟಿಲು ಹತ್ತುವುದನ್ನು ಕಣ್ಣಾರೆ ನೋಡುವುದು ಬೇರೆ. ಅಪ್ಪ ಮಾತ್ರೆಯ ಡಬ್ಬಿಯನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಓದುವುದನ್ನು ನಾನು ನೋಡಿದ್ದು ಆ ಆರು ವಾರದಲ್ಲೇ. ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಾಗಿ ಎರಡು ವರ್ಷವೇ ಆಗಿತ್ತಂತೆ. ಫೋನಿನಲ್ಲಿ ಒಂದು ದಿನವೂ ಹೇಳಿರಲಿಲ್ಲ. ಹಣ ಉಳಿಯುವುದು ಈ ಆಯ್ಕೆಯ ಲಾಭ ಅಂತ ಜನ ಹೇಳುತ್ತಾರೆ. ನನ್ನ ಪ್ರಕಾರ ಅದು ಸಣ್ಣದು. ದೊಡ್ಡ ಲಾಭ ಇಂಥ ವಿಷಯ ಕಣ್ಣಿಗೆ ಬೀಳುವುದು.

ಇನ್ನು ಕಷ್ಟದ ಭಾಗ. ನನ್ನ ಮನೆಯಿಂದ ಟ್ರೈನಿಂಗ್ ಜಾಗಕ್ಕೆ ಒಂದು ದಿಕ್ಕಿಗೆ ಒಂದೂವರೆ ಗಂಟೆ. ದಿನಕ್ಕೆ 3 ಗಂಟೆ, ವಾರಕ್ಕೆ 15 ಗಂಟೆ, ಆರು ವಾರಕ್ಕೆ 90 ಗಂಟೆ. ದಿನಕ್ಕೆ ಎಂಟು ಗಂಟೆಯ ಲೆಕ್ಕದಲ್ಲಿ ಅದು ಹನ್ನೊಂದು ದಿನದ ಕೆಲಸಕ್ಕಿಂತ ಜಾಸ್ತಿ. ಬರೀ ದಾರಿಯಲ್ಲಿ ಕೂತು ಕಳೆದದ್ದು. ರಾತ್ರಿ ಹತ್ತಕ್ಕೆ ಮನೆ ಸೇರಿದರೆ ಜಗುಲಿಯ ದೀಪ ಉರಿಯುತ್ತಿರುತ್ತಿತ್ತು. ಗೇಟಿನ ಸದ್ದಾದ ಕೂಡಲೇ ಅಮ್ಮ ಎದ್ದು ಬರುತ್ತಿದ್ದರು. 'ಮಲಗಬಾರದಿತ್ತಾ' ಅಂದರೆ 'ನಿದ್ದೆ ಬರಲಿಲ್ಲ' ಅನ್ನುತ್ತಿದ್ದರು. ಕಣ್ಣು ಮಾತ್ರ ನಿದ್ದೆಯಿಂದ ಭಾರವಾಗಿರುತ್ತಿತ್ತು. ನಾನು ಲ್ಯಾಪ್‌ಟಾಪ್ ತೆಗೆದರೆ ಪಕ್ಕದಲ್ಲಿ ಕೂರುತ್ತಿದ್ದರು, ಏನೂ ಮಾತಾಡದೆ. ದಿನವಿಡೀ ಕಾದಿದ್ದವರನ್ನು ಬಿಟ್ಟು ನಾಳೆಯ ಪಾಠ ಓದಲು ಮನಸ್ಸು ಬರುತ್ತಿರಲಿಲ್ಲ. ಪಾಠ ಬಿಟ್ಟು ಮಾತಾಡುತ್ತ ಕೂತರೆ ನಾಳೆಯ ಕ್ಲಾಸಿನ ಚಿಂತೆ. ಮೂರನೇ ವಾರದ ಹೊತ್ತಿಗೆ ನಾನು ಸಿಡುಕಲು ಶುರು ಮಾಡಿದ್ದೆ. ಅದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಇದು ಬರೀ ಒಬ್ಬಿಬ್ಬರ ಸ್ವಭಾವದ ವಿಷಯ ಅಲ್ಲ. ಹೊರದೇಶಕ್ಕೆ ಹೋದವರ ಮನಸ್ಸು ಮೊದಲು ಉತ್ಸಾಹದಲ್ಲಿದ್ದು, ಆಮೇಲೆ ಕುಸಿದು, ನಿಧಾನಕ್ಕೆ ಚೇತರಿಸಿಕೊಳ್ಳುತ್ತದೆ ಅಂತ ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರ್ರೆ ಲಿಸ್ಗಾರ್ಡ್ 1955ರಲ್ಲಿ ಬರೆದರು. ಇಂಗ್ಲಿಷಿನ 'ಯು' ಅಕ್ಷರದ ಆಕಾರ. 1963ರಲ್ಲಿ ಅಮೆರಿಕದ ಸಂಶೋಧಕರಾದ ಗುಲ್ಲಹಾರ್ನ್ ದಂಪತಿ ಅದಕ್ಕೆ ಇನ್ನೊಂದು 'ಯು' ಸೇರಿಸಿ 'ಡಬ್ಲ್ಯು' ಮಾಡಿದರು. ಊರಿಗೆ ವಾಪಸ್ ಬಂದಾಗಲೂ ಅದೇ ಏರಿಳಿತ ಮತ್ತೊಮ್ಮೆ ನಡೆಯುತ್ತದೆ ಅನ್ನುವುದು ಅವರ ಮಾತು. ಎಲ್ಲರ ಮನಸ್ಸೂ ಅಕ್ಷರದ ಆಕಾರದಲ್ಲೇ ನಡೆಯುವುದಿಲ್ಲ, ನಿಜ. ಆದರೆ ಆರು ವಾರಕ್ಕೆ ಬಂದವರಿಗೆ ಇದರಿಂದ ಒಂದು ಎಚ್ಚರಿಕೆ ಸಿಗುತ್ತದೆ. ಮೊದಲ ವಾರದ ಸಂತೋಷ ನೋಡಿ ಉಳಿದ ಐದು ವಾರವನ್ನು ಅಳೆಯಬೇಡಿ. ಉತ್ಸಾಹ ಇಳಿಯುವ ಹೊತ್ತಿಗೇ ಕ್ಲಾಸಿನ ಕಷ್ಟದ ಭಾಗ ಶುರುವಾಗಿರುತ್ತದೆ.

ಮನೆಯಲ್ಲೇ ಇರುವುದಾದರೆ ಮೂರು ಅನುಕೂಲ ಇರಲೇಬೇಕು: ಬಾಗಿಲು ಮುಚ್ಚಿಕೊಳ್ಳಬಹುದಾದ ಒಂದು ಕೋಣೆ, ಕೈಕೊಡದ ಇಂಟರ್ನೆಟ್, ಮುಕ್ಕಾಲು ಗಂಟೆಯೊಳಗಿನ ದಾರಿ. ಮೂರೂ ಇದ್ದರೆ ಬೇರೆ ಯೋಚನೆ ಬೇಡ, ಮನೆಯೇ ಸರಿ. ಇಂಟರ್ನೆಟ್ ಇಲ್ಲದಿದ್ದರೆ ಹಾಕಿಸಿಕೊಳ್ಳಬಹುದು. ದಾರಿ ದೂರ ಇದ್ದರೆ ಮಾತ್ರ ಯಾರೂ ಹತ್ತಿರ ಮಾಡಲು ಆಗುವುದಿಲ್ಲ.

ಹತ್ತಿರದ ರೂಮ್

ಎರಡನೇ ಸಲ ಟ್ರೈನಿಂಗ್ ಜಾಗದಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಸಣ್ಣ ರೂಮ್ ಹಿಡಿದೆ. ಒಂದು ಮೇಜು, ಒಂದು ಕಿಟಕಿ. ಕ್ಲಾಸಿನಲ್ಲಿ ಅರ್ಥವಾಗದೇ ಇದ್ದದ್ದನ್ನು ಅದೇ ಸಂಜೆ ಓದಿಕೊಳ್ಳುತ್ತಿದ್ದೆ. ಜೊತೆಗಿದ್ದವರು ಸಂಜೆ ಒಟ್ಟಿಗೆ ಕೂತು ಓದುವಾಗ ನಾನೂ ಸೇರಿಕೊಂಡೆ. ಮೊದಲ ಸಲ ನಾನು ಕಳೆದುಕೊಂಡದ್ದು ಇದನ್ನೇ ಅಂತ ಆಗ ಗೊತ್ತಾಯಿತು. ಟ್ರೈನಿಂಗ್‌ನಲ್ಲಿ ಆಗುವ ಪರಿಚಯಗಳು ಮುಂದೆ ವರ್ಷಗಟ್ಟಲೆ ಕೆಲಸಕ್ಕೆ ಬರುತ್ತವೆ. ಅವು ಬೆಳೆಯುವುದು ಕ್ಲಾಸ್ ಮುಗಿದ ಮೇಲಿನ ಆ ಎರಡು ಗಂಟೆಯಲ್ಲಿ.

ಕಲಿಕೆಯನ್ನಷ್ಟೇ ನೋಡಿದರೆ ರೂಮಿಗೆ ಸಾಟಿ ಇಲ್ಲ. ಆದರೆ ಅಷ್ಟು ದೂರದಿಂದ ಬಂದು, ಮನೆ ಒಂದೂವರೆ ಗಂಟೆಯಲ್ಲಿದೆ ಅಂತ ಗೊತ್ತಿದ್ದೂ ಬೇರೆ ಕಡೆ ಮಲಗುವುದು ಸುಲಭ ಅಲ್ಲ. ಅಮ್ಮ ಬೇಜಾರು ತೋರಿಸಲಿಲ್ಲ. ದಿನಾ ಫೋನಿನಲ್ಲಿ 'ಅಲ್ಲಿ ಹಾಸಿಗೆ ಚೆನ್ನಾಗಿದೆಯಾ' ಅಂತ ಕೇಳುತ್ತಿದ್ದರು, ಅಷ್ಟೇ. ನಾನು ಎರಡು ಭಾನುವಾರ ಮಾತ್ರ ಮನೆಗೆ ಹೋದೆ. ಟ್ರೈನಿಂಗ್ ಚೆನ್ನಾಗಿ ಮುಗಿಯಿತು. ವಿಮಾನ ಹತ್ತಿದಾಗ ಊರಿಗೆ ಬಂದೇ ಇರಲಿಲ್ಲವೇನೋ ಅನ್ನಿಸಿತು.

ಖರ್ಚಿನ ಬಗ್ಗೆ ಒಂದು ಮಾತು. ಬೇರೆ ದೇಶದಿಂದ ಬರುವ ಉದ್ಯೋಗಿಗೆ ಕಂಪನಿಗಳು ಸಾಮಾನ್ಯವಾಗಿ ವಸತಿ ಕೊಡುತ್ತವೆ. 'ಅವರದ್ದು ಅಲ್ಲೇ ಮನೆ ಇದೆಯಲ್ಲ' ಅಂತ ಊರಿನವರಿಗೆ ಮಾತ್ರ ಅದನ್ನು ಬಿಟ್ಟುಬಿಡುವುದೂ ಉಂಟು. ಮನೆ ಇರುವುದು ಬೇರೆ, ಟ್ರೈನಿಂಗ್‌ಗೆ ಅನುಕೂಲವಾದ ದೂರದಲ್ಲಿ ಇರುವುದು ಬೇರೆ. ದೂರವನ್ನು ಗಂಟೆಗಳಲ್ಲಿ ಬರೆದು ಕೇಳಿ. ಬಾಡಿಗೆ ಕೊಡುವುದಿಲ್ಲ ಅಂದರೆ ದಿನದ ಭತ್ಯೆ ಕೇಳಿ. ಜೊತೆಗೆ, ಟ್ರೈನಿಂಗ್ ಮುಗಿದ ಮೇಲೆ ಇಂತಿಷ್ಟು ಕಾಲ ಕೆಲಸ ಬಿಡಬಾರದು, ಬಿಟ್ಟರೆ ಖರ್ಚು ವಾಪಸ್ ಕೊಡಬೇಕು ಅನ್ನುವ ಬಾಂಡ್ ಇದೆಯಾ ಅಂತ ನೋಡಿ. ಇದ್ದರೆ ವಿಮಾನದ ಟಿಕೆಟ್ ಮತ್ತು ವಸತಿ ಆ ಲೆಕ್ಕದಲ್ಲಿ ಸೇರುತ್ತದಾ ಅಂತಲೂ ಸಹಿ ಹಾಕುವ ಮೊದಲೇ ಕೇಳಿ.

ಹಂಚಿಕೊಳ್ಳುವುದು: ವಾರವಿಡೀ ರೂಮ್, ವಾರದ ಕೊನೆ ಮನೆ

ಮೂರನೇ ಸಲ ಮೇಲ್ ಬಂದಾಗ ಮೊದಲು ಟೈಮ್‌ಟೇಬಲ್ ತರಿಸಿಕೊಂಡೆ. ಆಮೇಲೆ ಅಮ್ಮನಿಗೆ ಫೋನ್ ಮಾಡಿದೆ. 'ಸೋಮವಾರದಿಂದ ಶುಕ್ರವಾರ ರೂಮಿನಲ್ಲಿರುತ್ತೇನೆ. ಶುಕ್ರವಾರ ರಾತ್ರಿ ಮನೆಗೆ ಬರುತ್ತೇನೆ. ಟ್ರೈನಿಂಗ್ ಮುಗಿದ ಮೇಲೆ ಹತ್ತು ದಿನ ಪೂರ್ತಿ ನಿಮ್ಮ ಜೊತೆ, ಲ್ಯಾಪ್‌ಟಾಪ್ ಮುಟ್ಟುವುದಿಲ್ಲ.' ಅಮ್ಮ ಒಂದೇ ಒಂದು ಪ್ರಶ್ನೆ ಕೇಳಿದರು: 'ಆ ಹತ್ತು ದಿನ ಯಾವ ತಾರೀಖಿನಿಂದ?'

ಮನೆಯವರಿಗೆ ಸುಮ್ನೆ 'ಸಮಯ ಸಿಕ್ಕಾಗ ಬರುತ್ತೇನೆ' ಅನ್ನಬೇಡಿ. ಹಾಗಂದರೆ ಮನೆಯವರು ದಿನಾ ಕಾಯುತ್ತಾರೆ. ತಾರೀಖು ಹೇಳಿದರೆ ಆ ದಿನಕ್ಕೆ ಮಾತ್ರ ಕಾಯುತ್ತಾರೆ. ನನ್ನ ಮೂರು ಅನುಭವದಲ್ಲಿ ಇದೇ ಒಳ್ಳೆಯದು, ಮೂರರಿಂದ ಹತ್ತು ವಾರದ ಟ್ರೈನಿಂಗ್ ಆದರೆ ಇದನ್ನೇ ಆರಿಸಿ ಅಂತ ಧೈರ್ಯವಾಗಿ ಹೇಳುತ್ತೇನೆ.

ಎರಡು ವಾರಕ್ಕಿಂತ ಕಡಿಮೆ ಇದ್ದರೆ ಹಂಚಲು ಹೋಗಬೇಡಿ. ಸಾಮಾನು ಕಟ್ಟುವುದು ಬಿಚ್ಚುವುದರಲ್ಲೇ ಮುಗಿದುಹೋಗುತ್ತದೆ. ಪೂರ್ತಿ ರೂಮಿನಲ್ಲಿದ್ದು, ಕೊನೆಗೆ ಒಂದು ವಾರ ರಜೆ ಸೇರಿಸಿ ಮನೆಗೆ ಹೋಗಿ. ಮೂರು ತಿಂಗಳು ದಾಟಿದರೆ ಲೆಕ್ಕ ಬೇರೆ. ಅಷ್ಟು ದಿನ ಎರಡು ಕಡೆ ಓಡಾಡುವುದು ದಣಿವು. ಟ್ರೈನಿಂಗ್ ಜಾಗದ ಹತ್ತಿರ ಒಂದು ಸಣ್ಣ ಮನೆ ಮಾಡಿ, ಆಗುವುದಾದರೆ ಅಪ್ಪ ಅಮ್ಮನನ್ನೇ ಕೆಲವು ವಾರ ಅಲ್ಲಿಗೆ ಕರೆಸಿಕೊಳ್ಳಿ.

ರಜೆ ಮೊದಲಾ, ಆಮೇಲಾ?

ಮೊದಲೇ ರಜೆ ಹಾಕಿ ಮನೆಯಲ್ಲಿದ್ದು ಆಮೇಲೆ ಕ್ಲಾಸಿಗೆ ಹೋದರೆ ಒಂದು ಅನುಕೂಲ ಇದೆ. ಜೆಟ್‌ಲ್ಯಾಗ್ ಕಳೆದಿರುತ್ತದೆ. ದೇಹ ಹೊಸ ಸಮಯಕ್ಕೆ ಹೊಂದಿಕೊಳ್ಳುವುದು ದಿನಕ್ಕೆ ಸುಮಾರು ಒಂದು ಗಂಟೆಯಂತೆ. ಪೂರ್ವಕ್ಕೆ ಹಾರಿದವರಿಗೆ ಪಶ್ಚಿಮಕ್ಕೆ ಹಾರಿದವರಿಗಿಂತ ಜಾಸ್ತಿ ಕಷ್ಟ, ಯಾಕೆಂದರೆ ಬೇಗ ಮಲಗುವುದಕ್ಕಿಂತ ತಡವಾಗಿ ಮಲಗುವುದು ದೇಹಕ್ಕೆ ಸುಲಭ. ಎಂಟು ಗಂಟೆಯ ವ್ಯತ್ಯಾಸ ಇದ್ದು ಭಾನುವಾರ ಇಳಿದು ಸೋಮವಾರ ಕ್ಲಾಸಿಗೆ ಕೂತರೆ ಮೊದಲ ವಾರದ ಪಾಠ ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ.

ಆದರೂ ನಾನು ದೊಡ್ಡ ರಜೆಯನ್ನು ಕೊನೆಗೇ ಇಡುತ್ತೇನೆ. ಪರೀಕ್ಷೆ ಮುಂದೆ ಇರುವಾಗ ಸಿಕ್ಕ ರಜೆ ರಜೆಯಲ್ಲ. ಮೊದಲಿಗೆ ಮೂರು ನಾಲ್ಕು ದಿನ ಸಾಕು, ಅದೂ ಮನೆಯಲ್ಲೇ. ಆ ದಿನಗಳಲ್ಲಿ ನೆಂಟರ ಮನೆ ಸುತ್ತಬೇಡಿ. ಬೆಳಗಿನ ಬಿಸಿಲಿಗೆ ನಡೆದಾಡಿ, ಮಧ್ಯಾಹ್ನ ಉದ್ದಕ್ಕೆ ಮಲಗಬೇಡಿ. ನೋಡಬೇಕಾದವರನ್ನೆಲ್ಲ ಕೊನೆಯ ಹತ್ತು ದಿನಕ್ಕೆ ಇಟ್ಟುಕೊಳ್ಳಿ.

ಒಬ್ಬರೇ ಹೋಗುವುದಾ, ಸಂಸಾರದ ಜೊತೆಗಾ?

ಶಾಲೆಗೆ ಹೋಗುವ ಮಕ್ಕಳಿದ್ದರೆ, ರಜೆಯ ಕಾಲ ಅಲ್ಲದಿದ್ದರೆ, ಒಬ್ಬರೇ ಹೋಗಿ ಬನ್ನಿ. ಇದರಲ್ಲಿ ನನಗೆ ಹೆಚ್ಚು ಅನುಮಾನ ಇಲ್ಲ. ಶಾಲೆಗೆ ಇನ್ನೂ ಸೇರದ ಮಗು ಇದ್ದರೆ ಕರೆದುಕೊಂಡು ಹೋಗಿ. ಅಜ್ಜ ಅಜ್ಜಿಯ ಜೊತೆ ಆರು ವಾರ ಕಳೆದ ಮಗು ಕಲಿಯುವ ಮಾತನ್ನು ವಿಡಿಯೊ ಕಾಲ್‌ನಿಂದ ಕಲಿಸಲು ಆಗುವುದಿಲ್ಲ. ಆದರೆ ಗಂಡ ಅಥವಾ ಹೆಂಡತಿಯ ಬಗ್ಗೆಯೂ ಯೋಚಿಸಿ. ನೀವು ವಾರವಿಡೀ ರೂಮಿನಲ್ಲಿದ್ದು ಅವರು ಮಾತ್ರ ನಿಮ್ಮ ಹೆತ್ತವರ ಮನೆಯಲ್ಲಿ ಎಲ್ಲ ನಿಭಾಯಿಸುವುದು ನ್ಯಾಯ ಅಲ್ಲ, ಅಲ್ವಾ? ಅವರ ಹೆತ್ತವರ ಮನೆಗೂ ಅಷ್ಟೇ ದಿನ ಹಂಚಿ.

ಹೊರದೇಶದ ಮನೆ ಏನು ಮಾಡುವುದು?

ಎರಡು ತಿಂಗಳೊಳಗಾದರೆ ಹಾಗೇ ಬೀಗ ಹಾಕಿ ಬನ್ನಿ. ಬೇರೆಯವರಿಗೆ ಕೊಟ್ಟು ಬರುವ ರಗಳೆಗೆ ಸಿಗುವ ಹಣ ಸಾಲದು. ಅದಕ್ಕಿಂತ ಜಾಸ್ತಿ ದಿನ ಆದರೆ ಸಬ್‌ಲೆಟ್ ಯೋಚಿಸಬಹುದು, ಮಾಲೀಕರ ಒಪ್ಪಿಗೆ ಬರಹದಲ್ಲಿ ಇರಲಿ. ಒಂದು ವಿಷಯ ತುಂಬ ಜನ ನೋಡುವುದಿಲ್ಲ. ಮನೆಯ ವಿಮೆಯ ಹಲವು ಪಾಲಿಸಿಗಳಲ್ಲಿ ಮನೆ ಸತತವಾಗಿ 30 ಅಥವಾ 60 ದಿನ ಖಾಲಿ ಇದ್ದರೆ ಕೆಲವು ನಷ್ಟಗಳಿಗೆ ಪರಿಹಾರ ಇಲ್ಲ ಅನ್ನುವ ಷರತ್ತು ಇರುತ್ತದೆ. ಆರು ವಾರ ಅಂದರೆ 42 ದಿನ. ಪಾಲಿಸಿ ತೆಗೆದು ಆ ಸಾಲು ಹುಡುಕಿ. ನೀರಿನ ಮುಖ್ಯ ವಾಲ್ವ್ ಮುಚ್ಚಿ, ಒಬ್ಬ ಸ್ನೇಹಿತರಿಗೆ ಕೀಲಿ ಕೊಟ್ಟು ಬನ್ನಿ.

ದಿನಗಳ ಲೆಕ್ಕ

ಎಲ್ಲಿ ಮಲಗುವುದು ಅನ್ನುವುದರಲ್ಲಿ ತಪ್ಪಿದರೆ ಬೇಜಾರಾಗುತ್ತದೆ. ಹೊರದೇಶದಿಂದ ಎಷ್ಟು ದಿನ ದೂರ ಇರಬಹುದು ಅನ್ನುವ ಲೆಕ್ಕದಲ್ಲಿ ತಪ್ಪಿದರೆ ವಾಪಸ್ ಹೋಗುವುದೇ ಕಷ್ಟ. ಆರು ವಾರಕ್ಕೆ ಬಹುತೇಕ ತೊಂದರೆ ಇಲ್ಲ. ಟ್ರೈನಿಂಗ್ ಆರು ತಿಂಗಳಿನದ್ದಾದರೆ, ಅಥವಾ 'ಇನ್ನೂ ಸ್ವಲ್ಪ ದಿನ' ಅಂತ ಎಳೆಯುತ್ತಿದ್ದರೆ, ಎಚ್ಚರ ಬೇಕು.

ಜರ್ಮನಿಯ ಸಾಮಾನ್ಯ ವಾಸದ ಪರವಾನಗಿ ಇರುವವರು ಮೊದಲೇ ಅನುಮತಿ ಪಡೆಯದೆ 6 ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ಅದು ತಾನಾಗಿಯೇ ರದ್ದಾಗುತ್ತದೆ. ಯುಎಇಯ ಸಾಮಾನ್ಯ ರೆಸಿಡೆನ್ಸ್ ವೀಸಾಕ್ಕೂ 6 ತಿಂಗಳ ಮಿತಿ ಇದೆ. ಅಮೆರಿಕದ ಗ್ರೀನ್ ಕಾರ್ಡ್ ಇರುವವರು 6 ತಿಂಗಳು ದಾಟಿದರೆ ಪೌರತ್ವಕ್ಕೆ ಬೇಕಾದ ಸತತ ವಾಸಕ್ಕೆ ಪೆಟ್ಟು ಬೀಳಬಹುದು. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಹೊರಗಿರುವುದಾದರೆ ಹೊರಡುವ ಮೊದಲೇ ರೀ-ಎಂಟ್ರಿ ಪರ್ಮಿಟ್‌ಗೆ (ವಾಪಸ್ ಒಳಗೆ ಬರುವ ಅನುಮತಿಗೆ) ಅರ್ಜಿ ಹಾಕಬೇಕು. ಕೆನಡಾದ ಪಿಆರ್ (ಕಾಯಂ ವಾಸದ ಅನುಮತಿ) ಉಳಿಸಿಕೊಳ್ಳಲು ಐದು ವರ್ಷದಲ್ಲಿ 730 ದಿನ ಅಲ್ಲಿರಬೇಕು. ಅಮೆರಿಕದಲ್ಲಿ ಕೆಲಸದ ವೀಸಾದಲ್ಲಿರುವವರಿಗೆ ಇನ್ನೊಂದು ಗುಂಡಿ ಇದೆ. ಅಲ್ಲಿ ಇರುವ ಅನುಮತಿ ಚಾಲ್ತಿಯಲ್ಲಿದ್ದರೂ ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟಾಂಪ್ ಮುಗಿದಿರಬಹುದು. ಒಳಗಿರುವಷ್ಟು ದಿನ ಅದು ತೊಂದರೆ ಕೊಡುವುದಿಲ್ಲ. ಹೊರಗೆ ಬಂದರೆ ಹೊಸ ಸ್ಟಾಂಪ್ ಇಲ್ಲದೆ ವಾಪಸ್ ಹೋಗಲು ಆಗುವುದಿಲ್ಲ. ಟ್ರೈನಿಂಗ್ ಒಪ್ಪಿಕೊಳ್ಳುವ ಮೊದಲು ಪಾಸ್‌ಪೋರ್ಟ್ ತೆಗೆದು ಆ ಪುಟ ನೋಡಿ. ಪಾಸ್‌ಪೋರ್ಟಿಗೆ ಕನಿಷ್ಠ 6 ತಿಂಗಳ ಅವಧಿ ಬಾಕಿ ಇರಲಿ, ಅದನ್ನು ಕೇಳುವ ದೇಶಗಳು ಬಹಳ.

ತೆರಿಗೆಯಲ್ಲಿ ಎಲ್ಲರೂ ಹೇಳುವ ಅಂಕಿ 183 ದಿನ. ಹಲವು ದೇಶಗಳ ನಡುವಿನ ತೆರಿಗೆ ಒಪ್ಪಂದಗಳಿಗೆ ಆಧಾರವಾದ ಓಇಸಿಡಿ (ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆ) ಮಾದರಿಯಲ್ಲಿ ಯಾವುದೇ 12 ತಿಂಗಳ ಅವಧಿಯಲ್ಲಿ 183 ದಿನ ಮೀರದಿದ್ದರೆ, ಕೆಲಸ ಮಾಡಿದ ದೇಶ ಆ ಸಂಬಳಕ್ಕೆ ತೆರಿಗೆ ಹಾಕುವುದಿಲ್ಲ. ಆದರೆ ಅದು ಒಂದೇ ಷರತ್ತಲ್ಲ. ಸಂಬಳ ಕೊಡುವವರು ಆ ದೇಶದವರಾಗಿರಬಾರದು, ಅಲ್ಲಿನ ಶಾಖೆ ಅದನ್ನು ಭರಿಸಬಾರದು. 'ಈ ಎರಡು ತಿಂಗಳ ಸಂಬಳ ಊರಿನ ಶಾಖೆಯಿಂದಲೇ ಬರುತ್ತದೆ' ಅಂತ ಎಚ್‌ಆರ್ ಹೇಳಿದರೆ ಆ ವಿನಾಯಿತಿ ಸಿಗುವುದಿಲ್ಲ, ನೀವು 40 ದಿನ ಇದ್ದರೂ ಅಷ್ಟೇ. ಸಂಬಳ ಎಲ್ಲಿಂದ, ಯಾವ ಕರೆನ್ಸಿಯಲ್ಲಿ ಅಂತ ಬರಹದಲ್ಲಿ ತೆಗೆದುಕೊಳ್ಳಿ.

ಆರೋಗ್ಯ ವಿಮೆಯನ್ನೂ ನೋಡಿ. ಹೊರದೇಶದ ಪಾಲಿಸಿಗಳಲ್ಲಿ ಕೆಲವು, ನಿಮ್ಮ ಸ್ವಂತ ದೇಶದಲ್ಲಿ ಆಗುವ ಖರ್ಚಿಗೆ ದಿನದ ಮಿತಿ ಹಾಕಿರುತ್ತವೆ ಅಥವಾ ಕೊಡುವುದೇ ಇಲ್ಲ. ಬ್ಯಾಂಕಿನ ಒಟಿಪಿ ಬರುವುದು ಹೊರದೇಶದ ನಂಬರಿಗೆ, ಹಾಗಾಗಿ ಆ ಸಿಮ್ ರೋಮಿಂಗ್‌ನಲ್ಲಿ ಚಾಲೂ ಇರಲಿ.

ಹೋಗದೆ ಇದ್ದರೆ?

ಇದೂ ಒಂದು ಆಯ್ಕೆಯೇ. ಪಾಠ ಬರೀ ಸ್ಲೈಡ್ ತೋರಿಸಿ ಮಾತಾಡುವಂಥದ್ದಾದರೆ ಆನ್‌ಲೈನ್‌ನಲ್ಲಿ ಮಾಡಲು ಆಗುತ್ತದಾ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಕೈಯಿಂದ ಮಾಡಿ ಕಲಿಯುವುದಿದ್ದರೆ, ಯಂತ್ರ, ಲ್ಯಾಬ್, ರೋಗಿಗಳು, ಮಕ್ಕಳ ತರಗತಿ ಅಂತ ಇದ್ದರೆ, ಹೋಗಲೇಬೇಕು. ವೀಸಾದ ಗುಂಡಿ ಇದ್ದರೆ, ಅಥವಾ ಮನೆಯಲ್ಲಿ ಹೆರಿಗೆ ಹತ್ತಿರ ಇದ್ದರೆ, ಮುಂದಿನ ಬ್ಯಾಚ್ ಕೇಳಿ. ಆದರೆ ಅಪ್ಪ ಅಮ್ಮನಿಗೆ ವಯಸ್ಸಾಗಿದ್ದು, ನೋಡಿ ವರ್ಷಗಳೇ ಆಗಿದ್ದರೆ, ಆನ್‌ಲೈನ್ ಕೇಳಬೇಡಿ. ಕಂಪನಿ ಟಿಕೆಟ್ ಕೊಟ್ಟು ಕಳಿಸುವ ಸಂದರ್ಭ ಮತ್ತೆ ಯಾವಾಗ ಬರುತ್ತದೋ.

ವಾಪಸ್ ಟಿಕೆಟ್ ತೆಗೆಯುವಾಗ ಶುಕ್ರವಾರ ಅಥವಾ ಶನಿವಾರ ಇಳಿಯುವ ಹಾಗೆ ನೋಡಿಕೊಳ್ಳಿ. ಒಂದು ದಿನ ಜಾಸ್ತಿ ಮನೆಯಲ್ಲಿರಬಹುದು ಅಂತ ನಾನು ಮೊದಲ ಸಲ ಭಾನುವಾರ ರಾತ್ರಿ ಇಳಿದಿದ್ದೆ. ಸೋಮವಾರ ಬೆಳಗ್ಗೆ ಮೀಟಿಂಗ್‌ನಲ್ಲಿ ಕಲಿತು ಬಂದದ್ದನ್ನು ಹೇಳಬೇಕಿತ್ತು. ಬಾಯಿಗೆ ಒಂದು ಮಾತೂ ಬರಲಿಲ್ಲ. ಈಗ ಶನಿವಾರ ಇಳಿದು, ಬಟ್ಟೆ ಒಗೆದು, ಕ್ಲಾಸಿನ ನೋಟ್ಸ್ ಒಮ್ಮೆ ತಿರುವಿಹಾಕಿ, ಭಾನುವಾರ ಅಮ್ಮನಿಗೆ ಉದ್ದಕ್ಕೆ ಫೋನ್ ಮಾಡುತ್ತೇನೆ.